ಕರಿ ಉಸುಕು, ಹಸಿರು ಉಸುಕು ಮತ್ತು ಆಯಿಯ ಸುಣ್ಣದ ಡಬ್ಬಿ



ಬೇಸಿಗೆ ರಜೆಗೆ ಮುಂಚೆ ನಾನು ತರಗತಿಯಲ್ಲಿ ಒಂದು ಮಾತು ಕೊಟ್ಟಿದ್ದೆ. "ಹಸಿರು ಬಣ್ಣದ ಉಸುಕು ತಂದು ವಿಜ್ಞಾನದ ಕಪಾಟಿನಲ್ಲಿ ಇಡ್ತೀನಿ" ಅಂತ. ಶಾಲೆ ಶುರುವಾದ ದಿನ ಎಲ್ಲರೂ ನನ್ನ ಚೀಲದ ಕಡೆಗೇ ನೋಡಿದಿರಿ. ಚೀಲದಲ್ಲಿ ಉಸುಕು ಇರಲಿಲ್ಲ. ಕೆಲವರು ನಕ್ಕರು. ಒಬ್ಬರಂತೂ "ಅಕಿ ಅಲ್ಲಿಗೆ ಹೋಗೇ ಇಲ್ಲ, ರಜೆ ಪೂರ್ತಿ ವಿಜಾಪುರದಾಗ ಇದ್ಲು" ಅಂದರು. ಉಸುಕು ಯಾಕೆ ತರಲಿಲ್ಲ ಎಂಬುದನ್ನು ಬಾಯಿಂದ ಹೇಳಹೋದರೆ ಅರ್ಧಕ್ಕೇ ಗಂಟೆ ಹೊಡೆಯುತ್ತದೆ. ಅದಕ್ಕೇ ಗೋಡೆ ಪತ್ರಿಕೆಗೆ ಬರೆದಿದ್ದೇನೆ. ನಿಧಾನವಾಗಿ ಓದಿರಿ.

ಹೋದದ್ದು ಯಾಕೆ, ಎಲ್ಲಿಗೆ?

ನಮ್ಮ ಸಣ್ಣತ್ತಿ ಮತ್ತು ಮಾವ ಹವಾಯಿ ದ್ವೀಪದ ಹಿಲೋ ಎಂಬ ಊರಿನಲ್ಲಿ ಇರುತ್ತಾರೆ. ಅತ್ತಿಯ ಬಾಣಂತನಕ್ಕೆ ಆಯಿ ಹೋಗಬೇಕಾಗಿತ್ತು. ಆಯಿಗೆ ಇಂಗ್ಲಿಷು ಬರುವುದಿಲ್ಲ, ವಿಮಾನ ಬದಲಿಸುವುದು ತಿಳಿಯುವುದಿಲ್ಲ. ನನಗೂ ಅಷ್ಟಕ್ಕಷ್ಟೇ. ಆದರೂ "ಬೋರ್ಡ್ ಓದಾಕರೆ ಬರ್ತದಲ್ಲ" ಎಂದು ಅಪ್ಪ ನನ್ನನ್ನು ಜೊತೆಗೆ ಕಳಿಸಿದರು. ಹೀಗೆ ಅಂಟಿನ ಉಂಡಿಯ ಡಬ್ಬಿ ಹಿಡಕೊಂಡು ನಾವಿಬ್ಬರೂ ಹೊರಟೆವು.

ಹವಾಯಿ ಇರುವುದು ಪೆಸಿಫಿಕ್ ಮಹಾಸಾಗರದ ನಡುವೆ. 1959ರಲ್ಲಿ ಅದು ಅಮೆರಿಕದ 50ನೇ ರಾಜ್ಯವಾಯಿತು. ಅಲ್ಲಿಂದ ಅಮೆರಿಕದ ದೊಡ್ಡ ಭೂಮಿಗೆ ಸುಮಾರು 3,800 ಕಿ.ಮೀ. ಸುತ್ತಲೂ ನೀರೇ ನೀರು. ಹವಾಯಿ ಅಂದರೆ ಒಂದೇ ದ್ವೀಪ ಅಲ್ಲ, ದ್ವೀಪಗಳ ಸಾಲು. ಎಲ್ಲಕ್ಕೂ ದೊಡ್ಡದಾದ ದ್ವೀಪಕ್ಕೇ ಹವಾಯಿ ಎಂದು ಹೆಸರು. ಅದರ ವಿಸ್ತೀರ್ಣ ಸುಮಾರು 10,430 ಚದರ ಕಿ.ಮೀ. ಅಂದರೆ ಹೆಚ್ಚು ಕಡಿಮೆ ನಮ್ಮ ಉತ್ತರ ಕನ್ನಡ ಜಿಲ್ಲೆಯಷ್ಟು. ಭೂಪಟದಲ್ಲಿ ಮುಂಬಯಿಯಿಂದ ಅಡ್ಡಕ್ಕೆ ಒಂದು ಗೆರೆ ಎಳೆದು ಪೂರ್ವಕ್ಕೆ ಹೋಗುತ್ತಾ ಇದ್ದರೆ ಆ ಗೆರೆ ಈ ದ್ವೀಪವನ್ನು ಮುಟ್ಟುತ್ತದೆ. ಅದೂ ಉಷ್ಣವಲಯವೇ. ತೆಂಗು, ಬಾಳೆ, ಪೇರಲ, ಮಾವು ಎಲ್ಲವೂ ಇವೆ. ಆಯಿ ಮೊದಲ ದಿನವೇ "ಇದೇನ ಪರದೇಶ, ನಮ್ಮ ಕರಾವಳಿ ಇದ್ದಂಗ ಐತಿ" ಅಂದಳು.

ಈ ದ್ವೀಪ ಪೂರ್ತಿ ಜ್ವಾಲಾಮುಖಿಗಳಿಂದಲೇ ಆದದ್ದು. ಕೊಹಾಲಾ, ಮೌನಾ ಕೇಆ, ಹುಆಲಾಲಾಇ, ಮೌನಾ ಲೋಆ, ಕಿಲೌಯೆಯಾ ಎಂಬ ಐದು ಜ್ವಾಲಾಮುಖಿಗಳು ಒಂದಕ್ಕೊಂದು ಅಂಟಿಕೊಂಡು ದ್ವೀಪವಾಗಿವೆ. ಮೌನಾ ಕೇಆ ಸಮುದ್ರದ ಮಟ್ಟದಿಂದ 4,207 ಮೀಟರ್ ಎತ್ತರ. ಆದರೆ ಅದರ ಬುಡ ಇರುವುದು ಸಮುದ್ರದ ತಳದಲ್ಲಿ. ಅಲ್ಲಿಂದ ಅಳೆದರೆ 9,000 ಮೀಟರಿಗೂ ಹೆಚ್ಚು, ಅಂದರೆ ಎವರೆಸ್ಟಿಗಿಂತಲೂ ಉದ್ದ!

ಕರಿ ಉಸುಕಿನ ದಂಡೆ

ಕೂಸಿಗೆ ಐದು ವಾರ ಆದಮೇಲೆ ಒಂದು ದಿನ ಮಾವ "ಆಯಿಗೆ ಏನಾದರೂ ತೋರಸೋಣ" ಎಂದು ನಮ್ಮಿಬ್ಬರನ್ನು ಕಾರಿನಲ್ಲಿ ಕರೆದುಕೊಂಡು ಹೊರಟರು. ಸುಮಾರು ಒಂದೂವರೆ ತಾಸಿನ ಮೇಲೆ ಪುನಲೂಉ ಎಂಬ ಕಡಲ ದಂಡೆ ಬಂತು.

ನಾನು ಅಲ್ಲಿಯ ತನಕ ಪುಸ್ತಕದ ಚಿತ್ರಗಳಲ್ಲಿ ಕಡಲ ದಂಡೆ ನೋಡಿದ್ದೆ. ಎಲ್ಲಾ ಹಳದಿ, ಇಲ್ಲವೇ ಬಿಳಿ. ಇಲ್ಲಿ ಕಣ್ಣೆದುರಿಗೆ ಇದ್ದದ್ದು ಕಪ್ಪು. ಬೂದು ಅಲ್ಲ, ಕಂದು ಅಲ್ಲ, ಅಪ್ಪಟ ಕಪ್ಪು. ಅದರ ಮೇಲೆ ಬಿಳಿ ನೊರೆಯ ತೆರೆ ಬಂದು ಹೋಗುತ್ತಿತ್ತು. ಆಯಿ ಬಗ್ಗಿ ಒಂದು ಹಿಡಿ ಎತ್ತಿ ನೋಡಿ,

"ಯವ್ವಾ, ಯಾರೋ ಎಳ್ಳ ರಾಶಿ ಮಾಡಿ ಹಂಗ ಬಿಟ್ಟು ಹೋದಂಗ ಐತಲ್ಲ" ಅಂದಳು.

ಆಯಿ ಚಪ್ಪಲಿ ಕೈಯಲ್ಲಿ ಹಿಡಕೊಂಡು ನಾಲ್ಕು ಹೆಜ್ಜೆ ಇಟ್ಟವಳೇ "ಅಯ್ಯಯ್ಯ, ಕಾಲು!" ಎಂದು ಓಡಿ ಹಿಂದೆ ಬಂದಳು. ಕಪ್ಪು ಬಣ್ಣ ಬಿಸಿಲನ್ನು ಹೆಚ್ಚು ಹೀರಿಕೊಳ್ಳುತ್ತದೆ ಎಂದು 7ನೇ ತರಗತಿಯಲ್ಲಿ ಓದಿದ್ದೇವಲ್ಲ, ಅದು ಸುಳ್ಳಲ್ಲ. ಮಧ್ಯಾಹ್ನ ಆ ಉಸುಕು ಹಂಚಿನಂತೆ ಕಾಯ್ದಿರುತ್ತದೆ.

ಸ್ವಲ್ಪ ದೂರದಲ್ಲಿ ಮೂರು ದೊಡ್ಡ ಕಲ್ಲು ಬಿದ್ದಿದ್ದವು. ನೋಡುತ್ತಾ ಇದ್ದಂತೆ ಒಂದು ಕಲ್ಲು ಕುತ್ತಿಗೆ ಎತ್ತಿತು! ಅವು ಹಸಿರು ಕಡಲಾಮೆಗಳು. ಅಲ್ಲಿಯ ಭಾಷೆಯಲ್ಲಿ ಹೊನು. ಮೈ ಕಾಯಿಸಿಕೊಳ್ಳಲು ದಂಡೆಗೆ ಬಂದು ಮಲಗುತ್ತವೆ. ಅವುಗಳಿಂದ 20 ಅಡಿ ದೂರ ನಿಲ್ಲಬೇಕು ಎಂದು ಹೇಳುತ್ತಾರೆ. 1978ರಿಂದ ಅವುಗಳಿಗೆ ಕಾನೂನಿನ ರಕ್ಷಣೆ ಇದೆ.

ಇನ್ನೊಂದು ವಿಚಿತ್ರ. ಆ ಕಡಲ ನೀರಿಗೆ ಕಾಲು ಇಟ್ಟರೆ ಕೆಲವು ಕಡೆ ಕೊಡದ ನೀರಿನಂತೆ ತಣ್ಣಗೆ ಆಗುತ್ತದೆ. ಗುಡ್ಡದ ಮೇಲೆ ಬಿದ್ದ ಮಳೆ ನೆಲದೊಳಗೆ ಇಳಿದು, ಒಳಗಿನಿಂದಲೇ ಹರಿದು ಬಂದು ಕಡಲಿನ ತಳದಲ್ಲಿ ಚಿಲುಮೆಯಾಗಿ ಏಳುತ್ತದೆ. ಹಿಂದಿನ ಕಾಲದಲ್ಲಿ ಅಲ್ಲಿಯ ಜನ ಬುರುಡೆ ಹಿಡಿದು ಕಡಲಿನಲ್ಲಿ ಮುಳುಗಿ, ಚಿಲುಮೆಯ ಬಾಯಿಗೆ ಬುರುಡೆ ಹಿಡಿದು ಸಿಹಿ ನೀರು ತುಂಬಿಕೊಂಡು ಮೇಲೆ ಬರುತ್ತಿದ್ದರಂತೆ. ಪುನಲೂಉ ಎಂಬ ಹೆಸರಿನ ಅರ್ಥವೇ ಮುಳುಗಿ ತರುವ ಚಿಲುಮೆ. ಇದನ್ನು ಕೇಳಿ ಆಯಿ ಬಹಳ ಹೊತ್ತು ಸುಮ್ಮನೆ ನೀರನ್ನೇ ನೋಡುತ್ತಾ ಕೂತಳು. ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಉಸುಕು ಕಪ್ಪಾದದ್ದು ಹೇಗೆ?

ಜ್ವಾಲಾಮುಖಿಯಿಂದ ಹೊರಬರುವ ಕರಗಿದ ಕಲ್ಲಿಗೆ ಲಾವಾ ಎನ್ನುತ್ತಾರೆ. ಹವಾಯಿಯ ಲಾವಾದ ಉಷ್ಣತೆ ಸುಮಾರು 1,100 ರಿಂದ 1,200 ಡಿಗ್ರಿ ಸೆಲ್ಸಿಯಸ್. ನೀರು ಕುದಿಯುವುದು 100 ಡಿಗ್ರಿಗೆ. ಇಷ್ಟು ಕಾಯ್ದ ಲಾವಾ ಹರಿಯುತ್ತಾ ಬಂದು ತಣ್ಣನೆಯ ಕಡಲಿಗೆ ಬಿದ್ದರೆ ಏನಾಗುತ್ತದೆ?

ಇದಕ್ಕೆ ನಮ್ಮ ಮನೆಯಲ್ಲೇ ಎರಡು ಉದಾಹರಣೆ ಇವೆ. ಒಂದು, ಉರಿಯುವ ಕಂದೀಲಿನ ಗಾಜಿನ ಮೇಲೆ ಒಂದು ಹನಿ ನೀರು ಬಿದ್ದರೆ ಸಾಕು, ಟಪ್ ಅಂತ ಒಡೆಯುತ್ತದೆ. ಎರಡು, ಶೇಂಗಾ ಚಿಕ್ಕಿ ಮಾಡುವಾಗ ಅವ್ವ ಬೆಲ್ಲದ ಪಾಕವನ್ನು ಒಂದು ಹನಿ ತಣ್ಣೀರಿಗೆ ಬಿಟ್ಟು ನೋಡುತ್ತಾಳೆ. ಪಾಕ ಒಮ್ಮೆಲೇ ಗಟ್ಟಿಯಾಗಿ ಗಾಜಿನ ಚೂರಿನಂತೆ ಆಗುತ್ತದೆ. ಲಾವಾಕ್ಕೂ ಹೀಗೇ. ಒಮ್ಮೆಲೇ ತಣ್ಣಗಾಗಿ ಗಾಜಿನಂತೆ ಗಟ್ಟಿಯಾಗುತ್ತದೆ, ಅದೇ ಹೊತ್ತಿಗೆ ನೀರು ಉಗಿಯಾಗಿ ಸಿಡಿದು ಆ ಗಾಜನ್ನು ಪುಡಿ ಪುಡಿ ಮಾಡುತ್ತದೆ. ತೆರೆಗಳು ಆ ಪುಡಿಯನ್ನು ತಂದು ದಂಡೆಗೆ ಗುಡ್ಡೆ ಹಾಕುತ್ತವೆ. ಅದೇ ಕರಿ ಉಸುಕು.

ಸಾಮಾನ್ಯ ಉಸುಕು ಆಗಲು ಸಾವಿರಾರು ವರ್ಷ ಕಲ್ಲು ಸವೆಯಬೇಕು. ಕರಿ ಉಸುಕಿನ ದಂಡೆ ಕೆಲವೇ ದಿನಗಳಲ್ಲಿ ಹುಟ್ಟಬಹುದು. 2018ರಲ್ಲಿ ಕಿಲೌಯೆಯಾ ಉಕ್ಕಿದಾಗ ಸುಮಾರು 700 ಮನೆಗಳು ಲಾವಾದ ಕೆಳಗೆ ಹೋದವು. ಅದೇ ವರ್ಷ ಪೊಹೊಇಕಿ ಎಂಬಲ್ಲಿ ಹೊಸ ಕರಿ ಉಸುಕಿನ ದಂಡೆಯೂ ಹುಟ್ಟಿತು. ಹುಟ್ಟಿದ್ದು ಹೋಗುವುದೂ ಉಂಟು. ಕೈಮೂ ಎಂಬ ಹೆಸರಾದ ಕರಿ ದಂಡೆಯನ್ನು 1990ರಲ್ಲಿ ಲಾವಾವೇ ಬಂದು ಮುಚ್ಚಿಬಿಟ್ಟಿತು. ಕೊಟ್ಟವರೇ ಕಸಿದುಕೊಂಡ ಹಾಗೆ!

ಪುನಲೂಉ ಕಡೆಗೆ ಈಗ ಲಾವಾ ಹರಿಯುತ್ತಿಲ್ಲ. ಅಂದರೆ ಅಲ್ಲಿ ಹೊಸ ಉಸುಕು ಆಗುತ್ತಿಲ್ಲ. ಇರುವುದು ಇಷ್ಟೇ. ಈ ಮಾತನ್ನು ನೆನಪಿಡಿ.

ನಿಮಗೆ ಗೊತ್ತೇ?

* ಆ ಕರಿ ಉಸುಕಿನ ಕಲ್ಲಿನ ಹೆಸರು ಬಸಾಲ್ಟ್. ನಮ್ಮ ಊರಿನ ಕರಿಕಲ್ಲೂ ಬಸಾಲ್ಟೇ! ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನಮ್ಮ ದಖನ್ ಸೀಮೆಯ ಮೇಲೂ ಲಾವಾ ಹರಿದಿತ್ತು. ಅದು ಸವೆದು ಆದದ್ದೇ ನಮ್ಮ ಎರೆ ಮಣ್ಣು. ಗೋಲಗುಮ್ಮಟ ಕಟ್ಟಿದ್ದೂ ಇದೇ ಕಲ್ಲಿನಿಂದ.
* ಕಾರವಾರದ ಹತ್ತಿರ ಮಾಜಾಳಿಯಲ್ಲಿ ತಿಳ್ಮಾತಿ ಎಂಬ ಕರಿ ಉಸುಕಿನ ಸಣ್ಣ ದಂಡೆ ಇದೆ. ತಿಳ್ ಅಂದರೆ ಎಳ್ಳು, ಮಾತಿ ಅಂದರೆ ಮಣ್ಣು. ಹೆಸರಿಟ್ಟವರಿಗೂ ನಮ್ಮ ಆಯಿಗೂ ಒಂದೇ ಕಣ್ಣು!
* ಹವಾಯಿಯ ಬಿಳಿ ಉಸುಕು ಹವಳದಿಂದ ಬಂದದ್ದು. ಗಿಳಿಮೀನು ಎಂಬ ಮೀನು ಹವಳ ಕಡಿದು, ಅರೆದು, ಹೊಟ್ಟೆಯಿಂದ ಉಸುಕಾಗಿ ಹೊರಗೆ ಹಾಕುತ್ತದೆ. (ನಗಬೇಡಿ, ಇದು ನಿಜ.)
* ಮಾಉಇ ಎಂಬ ಪಕ್ಕದ ದ್ವೀಪದಲ್ಲಿ ಕೆಂಪು ಉಸುಕಿನ ದಂಡೆಯೂ ಇದೆ. ಕಲ್ಲಿನೊಳಗಿನ ಕಬ್ಬಿಣ ತುಕ್ಕು ಹಿಡಿದದ್ದೇ ಆ ಕೆಂಪು.

ಹಸಿರು ಉಸುಕು

ಅಲ್ಲಿಂದ ಮುಂದೆ ದ್ವೀಪದ ದಕ್ಷಿಣ ತುದಿಗೆ ಹೋದೆವು. ಅದರ ಹೆಸರು ಕಾ ಲಾಏ. ಅಮೆರಿಕದ 50 ರಾಜ್ಯಗಳಲ್ಲಿ ಎಲ್ಲಕ್ಕಿಂತ ದಕ್ಷಿಣದ ಜಾಗ ಅದೇ. ಅಲ್ಲಿ ಗಾಳಿ ಎಷ್ಟು ಜೋರೆಂದರೆ ಗಿಡಗಳೆಲ್ಲ ಒಂದೇ ಕಡೆಗೆ ಬಾಗಿ ಬೆಳೆದಿವೆ. ಅಲ್ಲಿಂದ ಪಾಪಕೋಲೇಆ ಎಂಬ ದಂಡೆಗೆ ಡಾಂಬರು ರಸ್ತೆ ಇಲ್ಲ. ಸುಮಾರು 4 ಕಿ.ಮೀ. ನಡೆಯಬೇಕು. ನೆರಳಿಲ್ಲ, ನೀರಿಲ್ಲ. ಮಾವ "ಆಯಿ, ನೀವು ಕಾರಿನಾಗ ಕುಂಡ್ರಿ" ಅಂದರು. ಆಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಹೊಲಕ್ಕ ಬುತ್ತಿ ಹೊತ್ತು ದಿನಾ ಇಷ್ಟು ನಡದೀನಿ" ಎಂದು ನಮಗಿಂತ ಮುಂದೆ ನಡೆದಳು. ಇಳಕಲ್ ಸೀರೆ ಗಾಳಿಗೆ ಪಟದಂತೆ ಬಡಿಯುತ್ತಿತ್ತು.

ಒಂದು ತಾಸಿನ ಮೇಲೆ ದಿಬ್ಬದ ಅಂಚಿನಿಂದ ಕೆಳಗೆ ನೋಡಿದರೆ, ಅರ್ಧ ಬಟ್ಟಲಿನಂಥ ಜಾಗದಲ್ಲಿ ಹಸಿರು ದಂಡೆ! ಖರೆ ಹೇಳಬೇಕೆಂದರೆ ಫೋಟೋದಲ್ಲಿ ಕಾಣುವಷ್ಟು ಹಸಿರು ಅಲ್ಲ. ದೂರದಿಂದ ಮಾಸಿದ ಹಸಿರು. ತೆರೆ ಬಂದು ತೋಯಿಸಿದಲ್ಲಿ ಬಣ್ಣ ಏರುತ್ತದೆ. ಅಂಗೈಯಲ್ಲಿ ಹಿಡಿದು ಬಿಸಿಲಿಗೆ ಒಡ್ಡಿದರೆ ಮಾತ್ರ ಒಂದೊಂದು ಕಾಳೂ ಹಸಿರು ಗಾಜಿನ ಮಣಿಯಂತೆ ಹೊಳೆಯುತ್ತದೆ. ಆಯಿ ಪ್ರಕಾರ ಅದು "ಬೀಸುಕಲ್ಲಿನಾಗ ಒಡದ ಹೆಸರಕಾಳು."

ಆ ಹಸಿರು ಕಾಳಿನ ಹೆಸರು ಆಲಿವಿನ್. ಕಬ್ಬಿಣ, ಮೆಗ್ನೀಸಿಯಂ ಮತ್ತು ಸಿಲಿಕಾ ಸೇರಿ ಆದ ಖನಿಜ. ಭೂಮಿಯೊಳಗೆ ಲಾವಾ ಇನ್ನೂ ಕರಗಿರುವಾಗಲೇ ಮೊದಲು ಹರಳು ಕಟ್ಟುವುದು ಇದೇ. ಇದರ ದೊಡ್ಡ, ಸ್ವಚ್ಛ ಹರಳನ್ನು ಪೆರಿಡಾಟ್ ಎಂಬ ಹೆಸರಿನಲ್ಲಿ ಉಂಗುರಕ್ಕೆ ಹಾಕುತ್ತಾರೆ. ಸುಮಾರು 49,000 ವರ್ಷಗಳ ಹಿಂದೆ ಅಲ್ಲಿ ಲಾವಾ ಮತ್ತು ನೀರು ಕೂಡಿ ಸಿಡಿದು ಒಂದು ಬೂದಿಯ ಗುಡ್ಡ ಆಯಿತು. ಅದೇ ಪುಉ ಮಹಾನಾ. ಆ ಗುಡ್ಡದ ಬೂದಿಯಲ್ಲಿ ಆಲಿವಿನ್ ಕಾಳುಗಳು ಸೇರಿಕೊಂಡಿದ್ದವು. ಕಡಲು ಗುಡ್ಡದ ಒಂದು ಮಗ್ಗುಲನ್ನು ತಿಂದುಹಾಕಿತು.

ಆದರೆ ಬೂದಿ ಎಲ್ಲ ಹೋಗಿ ಹಸಿರು ಕಾಳು ಮಾತ್ರ ಯಾಕೆ ಉಳಿಯಿತು? ಇದನ್ನು ನಾವು ಕಣದಲ್ಲಿ ಪ್ರತಿ ವರ್ಷ ನೋಡುತ್ತೇವೆ. ಜೋಳದ ರಾಶಿ ತೂರುವಾಗ ಗಾಳಿಗೆ ಹೊಟ್ಟು ಹಾರಿ ಹೋಗುತ್ತದೆ, ಕಾಳು ಕಾಲ ಬುಡಕ್ಕೇ ಬೀಳುತ್ತದೆ. ಆಲಿವಿನ್ ನೀರಿಗಿಂತ 3 ಪಟ್ಟಿಗೂ ಹೆಚ್ಚು ಭಾರ. ಬೂದಿ ಮತ್ತು ಗಾಜಿನ ಚೂರು ಅದಕ್ಕಿಂತ ಹಗುರ. ತೆರೆ ಬಂದು ಹಗುರಾದದ್ದನ್ನು ಎಳೆದುಕೊಂಡು ಹೋಗುತ್ತದೆ, ಭಾರವಾದದ್ದು ದಂಡೆಯಲ್ಲೇ ಕೂಡುತ್ತದೆ. ಸಾವಿರಾರು ವರ್ಷಗಳಿಂದ ಕಡಲು ಅಲ್ಲಿ ರಾಶಿ ತೂರುತ್ತಲೇ ಇದೆ.

ಇಂಥ ದಂಡೆ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಮಾತ್ರ. ಯಾಕೆಂದರೆ ಆಲಿವಿನ್ ಗಾಳಿ ನೀರಿಗೆ ಬೇಗ ಸವೆದು ಮಣ್ಣಾಗುತ್ತದೆ. ಗುಡ್ಡ ತೀರಿದ ದಿನ ಹಸಿರು ಉಸುಕೂ ತೀರುತ್ತದೆ.

ಸುಣ್ಣದ ಡಬ್ಬಿ

ಈಗ ನನ್ನ ತಪ್ಪಿನ ಕಥೆ.

ಆಯಿಯ ಚಂಚಿಯಲ್ಲಿ ಒಂದು ಸುಣ್ಣದ ಡಬ್ಬಿ ಇರುತ್ತದೆ. ಅಲ್ಲಿ ಎಲೆ ಸಿಗದೆ ಸುಣ್ಣದ ಕೆಲಸವೂ ಇರಲಿಲ್ಲ, ಡಬ್ಬಿ ಖಾಲಿ ಇತ್ತು. ಆದರೂ ಆಯಿ ಅದನ್ನು ಬಿಟ್ಟಿರಲಿಲ್ಲ. ಪುನಲೂಉದಲ್ಲಿ ಆಯಿ ಚಂಚಿಯನ್ನು ನನ್ನ ಕೈಗೆ ಕೊಟ್ಟು ಮುಖ ತೊಳೆಯಲು ಹೋದಾಗ ನಾನು ಅದರಲ್ಲಿ ಅರ್ಧ ಡಬ್ಬಿ ಕರಿ ಉಸುಕು ತುಂಬಿಕೊಂಡೆ. ಹಸಿರು ದಂಡೆಯಲ್ಲಿ ಒಂದು ಕಾಗದದ ಚೂರಿನಲ್ಲಿ ಎರಡು ಚಿಟಿಕೆ ಹಸಿರು ಉಸುಕು ಕಟ್ಟಿ ಅದೇ ಡಬ್ಬಿಯಲ್ಲಿ ಇಟ್ಟೆ. ಉಸುಕು ಒಯ್ಯಬಾರದು ಎಂದು ಮಾವ ಬೆಳಿಗ್ಗೆಯೇ ಹೇಳಿದ್ದರು. ಅದು ನನಗೆ ನೆನಪಿತ್ತು. ನೆನಪಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ದಿಬ್ಬ ಹತ್ತುವಾಗ ಆಯಿ ಅಡಕಿ ಚೂರಿಗಾಗಿ ಚಂಚಿಯಲ್ಲಿ ಕೈ ಹಾಕಿದಳು. ಡಬ್ಬಿ ಭಾರ ಇತ್ತು. ಅಲ್ಲಾಡಿಸಿದಳು. ಒಳಗೆ ಚಳ್ ಚಳ್ ಎಂದಿತು. ನನ್ನ ಮುಖ ನೋಡಿದಳು.

ಹವಾಯಿಯಲ್ಲಿ ಕಡಲ ದಂಡೆಯಿಂದ ಉಸುಕು, ಹವಳ, ಕಲ್ಲು ಒಯ್ಯುವುದು ಕಾನೂನಿನ ಪ್ರಕಾರ ತಪ್ಪು ಎಂದು ಮಾವ ಮತ್ತೆ ಬಿಡಿಸಿ ಹೇಳಿದರು. ಅಲ್ಲಿ ಪೆಲೆ ಎಂಬ ಜ್ವಾಲಾಮುಖಿಯ ದೇವಿ ಇದ್ದಾಳೆ. ಅವಳ ಕಲ್ಲು ಒಯ್ದವರಿಗೆ ಕೇಡು ತಪ್ಪಿದ್ದಲ್ಲ ಎಂಬ ಮಾತು ಪ್ರವಾಸಿಗರಲ್ಲಿ ಇದೆ. ಅದಕ್ಕೆ ಹೆದರಿ ಎಷ್ಟೋ ಜನ ಒಯ್ದ ಕಲ್ಲನ್ನು ಅಂಚೆಯಲ್ಲಿ ವಾಪಸ್ ಕಳಿಸುತ್ತಾರಂತೆ. ಆಯಿ ಎಲ್ಲಾ ಕೇಳಿ,

"ಶಾಪ ಇರಲಿ ಬಿಡಲಿ. ಇದು ನಮ್ಮದಲ್ಲ. ಕೇಳದ ತಗೊಂಡದ್ದಕ್ಕ ಏನಂತಾರ?" ಅಂದಳು.

ನಾನು ಮಾತಾಡಲಿಲ್ಲ. ಹತ್ತಿದ ದಿಬ್ಬವನ್ನು ಇಳಿದು ಹಸಿರು ಉಸುಕು ಹಾಕಿ ಬಂದೆ. "ಕರಿ ಉಸುಕೂ ಇಲ್ಲೇ ಹಾಕಲೇನು?" ಅಂದೆ. "ಅದು ಈ ಊರಿನದೇನು?" ಅಂದಳು ಆಯಿ. ಹಿಲೋಗೆ ವಾಪಸ್ ಹೋಗುವ ದಾರಿಯಲ್ಲಿ ಪುನಲೂಉದಲ್ಲಿ ಮತ್ತೆ ಕಾರು ನಿಲ್ಲಿಸಿದೆವು. ಕತ್ತಲಾಗುತ್ತಾ ಬಂದಿತ್ತು, ಆಮೆಗಳು ಹೋಗಿದ್ದವು. ಡಬ್ಬಿಯನ್ನು ತಲೆಕೆಳಗೆ ಮಾಡಿ ಜಾಡಿಸಿದೆ. ನನಗೆ ಅಳು ಬಂತು. ತಪ್ಪಿಗಲ್ಲ, ನಿಮ್ಮೆದುರು ಹೇಗೆ ನಿಲ್ಲಲಿ ಎಂದು.

ಆಮೇಲೆ ರಾತ್ರಿ ಒಂದು ಲೆಕ್ಕ ಮಾಡಿದೆ. ಒಂದು ದಂಡೆಗೆ ದಿನಕ್ಕೆ 1,000 ಜನ ಬರುತ್ತಾರೆ ಎಂದು ಹಿಡಿಯೋಣ. ಒಬ್ಬೊಬ್ಬರು 100 ಗ್ರಾಂ ಒಯ್ದರೆ ದಿನಕ್ಕೆ 100 ಕಿಲೋ. ವರ್ಷಕ್ಕೆ 36,500 ಕಿಲೋ, ಅಂದರೆ 36 ಟನ್ನಿಗೂ ಹೆಚ್ಚು. ಹೊಸದು ಬರುವುದಿಲ್ಲ. ಎಷ್ಟು ವರ್ಷ ಉಳಿದೀತು?

ನಮ್ಮ ಹಳ್ಳ

ಊರಿಗೆ ಬಂದ ಮಾರನೇ ದಿನ ಆಯಿ ನನ್ನನ್ನು ಹಳ್ಳಕ್ಕೆ ಕರೆದುಕೊಂಡು ಹೋದಳು. ಆಯಿ ಮದುವೆಯಾಗಿ ಬಂದಾಗ ಬೇಸಿಗೆಯಲ್ಲಿ ಹಳ್ಳದ ಉಸುಕಿನಲ್ಲಿ ಮೊಣಕೈ ಆಳ ತೋಡಿದರೆ ವರ್ತಿ ನೀರು ಬರುತ್ತಿತ್ತಂತೆ. ಬಟ್ಟಲಿನಿಂದ ತೋಡಿ ತೋಡಿ ಕೊಡ ತುಂಬುತ್ತಿದ್ದರಂತೆ. ಪುನಲೂಉದಲ್ಲಿ ಚಿಲುಮೆಯ ಕಥೆ ಕೇಳಿ ಆಯಿ ಸುಮ್ಮನಾದದ್ದು ಇದಕ್ಕೇ. ಆವತ್ತು ನಾವು ಮೂರು ಕಡೆ ತೋಡಿದೆವು. ಒಂದು ಗೇಣಿಗೇ ಉಸುಕು ಮುಗಿದು ಜೇಡಿಮಣ್ಣು ಹತ್ತಿತು. ನೀರಿಲ್ಲ.

ಉಸುಕಿನ ಕಾಳುಗಳ ನಡುವೆ ಸಂದುಗಳು ಇರುತ್ತವೆ. ಮಳೆಗಾಲದ ನೀರು ಆ ಸಂದುಗಳಲ್ಲಿ ನಿಂತು ನಿಧಾನವಾಗಿ ನೆಲಕ್ಕೆ ಇಳಿಯುತ್ತದೆ. ಮೇಲಿನ ಉಸುಕು ನೆರಳಿನಂತೆ ಇದ್ದು ಬಿಸಿಲಿಗೆ ನೀರು ಬೇಗ ಆರದಂತೆ ಕಾಯುತ್ತದೆ. ಉಸುಕು ಹೋದರೆ ನೀರು ನಿಲ್ಲಲು ಜಾಗವೇ ಇಲ್ಲ, ಹರಿದು ಹೋಗುತ್ತದೆ.

ಆ ಭಾನುವಾರ ಮುಂಜಾನೆಯಿಂದ ಮಧ್ಯಾಹ್ನದವರೆಗೆ ಕೂತು ಎಣಿಸಿದೆ. 7 ಟ್ರ್ಯಾಕ್ಟರ್ ಉಸುಕು ಹೋಯಿತು. ಒಂದು ಟ್ರ್ಯಾಲಿಗೆ 3 ಟನ್ ಎಂದು ಹಿಡಿದರೂ 21 ಟನ್. ಹವಾಯಿಯ ನನ್ನ ಲೆಕ್ಕದ ಒಂದು ವರ್ಷದ ಉಸುಕು ಇಲ್ಲಿ ಎರಡು ದಿನದ್ದೂ ಅಲ್ಲ. ಅಲ್ಲಿ ಎರಡು ಚಿಟಿಕೆಗೆ ನಾನು ದಿಬ್ಬ ಇಳಿದು ಹತ್ತಿದ್ದೆ.

ನಾನು ಯಾರನ್ನೂ ಬೈಯಲು ಇದನ್ನು ಬರೆದಿಲ್ಲ. ನಮ್ಮ ಮನೆಯ ಗೋಡೆಗೂ ಇದೇ ಉಸುಕು. ಈ ಪತ್ರಿಕೆ ಅಂಟಿಸಿರುವ ಶಾಲೆಯ ಗೋಡೆಗೂ ಇದೇ ಉಸುಕು. ಹಸಿರು ಉಸುಕು ತಾ ಎಂದು ಮೊದಲು ಕೇಳಿದವಳು ನನ್ನ ಬೆಂಚಿನ ಗೆಳತಿ. ಆಕೆಯ ಮನೆಯಲ್ಲಿ ಟ್ರ್ಯಾಕ್ಟರ್ ಇದೆ. ಅದಕ್ಕೇ ಬರೆದದ್ದನ್ನು ಮೊದಲು ಆಕೆಗೇ ತೋರಿಸಿದೆ. ಓದಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಇರಲಿ, ಹಚ್ಚು. ಹಳ್ಳದ ತಳಾ ಕಾಣಾಕತ್ತೈತಿ ಅಂತ ನಮ್ಮಪ್ಪನೂ ಅಂತಿರ್ತಾನ" ಅಂದಳು. ಮರುದಿನ ಒಂದು ಗಾಜಿನ ಬಾಟಲಿಯಲ್ಲಿ ನಮ್ಮ ಹಳ್ಳದ ಉಸುಕು ತುಂಬಿ ತಂದು ಕೊಟ್ಟಳು. ವಿಜ್ಞಾನದ ಸರ್ ಅದನ್ನು ಕಪಾಟಿನಲ್ಲಿ ಇಟ್ಟಿದ್ದಾರೆ. ನಾನು ತರುತ್ತೇನೆ ಎಂದಿದ್ದ ಉಸುಕಿನ ಜಾಗದಲ್ಲಿ ಈಗ ಅದು ಇದೆ.

ಮಾಡಿ ನೋಡಿರಿ

1. ಆ ಬಾಟಲಿಯಿಂದ ಒಂದು ಚಮಚ ಉಸುಕು ಬಿಳಿ ಹಾಳೆಯ ಮೇಲೆ ಹರಡಿ, ಭೂತಗನ್ನಡಿಯಿಂದ ನೋಡಿರಿ. ಎಷ್ಟು ಬಣ್ಣದ ಕಾಳು ಇವೆ ಎಣಿಸಿ.
2. ಹಾಳೆಯ ಕೆಳಗೆ ಅಯಸ್ಕಾಂತ ಹಿಡಿದು ಆಡಿಸಿ. ಕೆಲವು ಕರಿ ಕಾಳುಗಳು ಅದರ ಹಿಂದೆ ಓಡುತ್ತವೆ. ಅವುಗಳಲ್ಲಿ ಕಬ್ಬಿಣ ಇದೆ. ನಮ್ಮ ಹಳೆಯ ಲಾವಾದ ಗುರುತು ಅವು.
3. ಒಂದು ಲೋಟ ತುಂಬ ಒಣ ಉಸುಕು ಹಾಕಿ, ಇನ್ನೊಂದು ಲೋಟದಿಂದ ನಿಧಾನವಾಗಿ ನೀರು ಸುರಿಯಿರಿ. ತುಂಬಿದ ಲೋಟಕ್ಕೆ ಮತ್ತೆ ಎಷ್ಟು ನೀರು ಹಿಡಿಯಿತು? ನಮ್ಮ ಲೋಟಕ್ಕೆ ಸುಮಾರು ಮೂರನೇ ಒಂದು ಪಾಲು ಹಿಡಿಯಿತು. ಹಳ್ಳ ಎಷ್ಟು ಹಿಡಿಯುತ್ತಿತ್ತು, ನೀವೇ ಲೆಕ್ಕ ಹಾಕಿರಿ.

ನೋಡಿದ ಮೇಲೆ ಉಸುಕನ್ನು ದಯವಿಟ್ಟು ಬಾಟಲಿಗೇ ವಾಪಸ್ ಹಾಕಿರಿ. ಇಲ್ಲದಿದ್ದರೆ ನಮ್ಮ ಆಯಿಗೆ ಹೇಳುತ್ತೇನೆ!

ತಪ್ಪಿದ್ದರೆ ತಿದ್ದಿರಿ.

— 9ನೇ ತರಗತಿ, 'ಅ' ವಿಭಾಗದ ವಿದ್ಯಾರ್ಥಿನಿ